ಎರಡೆಳೆಯ ಮನೋರೋಗ: ರೈತನ ಮನೆಗೆ ಆಸರೆ ಎಲ್ಲೆಲ್ಲಿದೆ?



ಸೋಲಾಪುರ ಜಿಲ್ಲೆಯ ಕಪ್ಪು ನೆಲದಲ್ಲಿ ಹಿಂಗಾರಿ ಜೋಳ, ತೊಗರಿ, ಕಬ್ಬು ಬೆಳೆಯುವ ಮನೆಗಳಲ್ಲಿ ಕಾಯಿಲೆಗೆ ಎರಡು ಲೆಕ್ಕ. ಒಂದು ಆಸ್ಪತ್ರೆಯ ಖರ್ಚು, ಇನ್ನೊಂದು ಹೊಲದಲ್ಲಿ ಕಡಿಮೆಯಾಗುವ ಕೈಗಳು. ಕಾಲು ಮುರಿದರೆ ಇಷ್ಟು ದಿನಕ್ಕೆ ಕೂಡುತ್ತದೆ ಎಂದು ಯಾರಾದರೂ ಧೈರ್ಯ ಹೇಳುತ್ತಾರೆ. ಮನಸ್ಸು ಕೆಟ್ಟರೆ ಹಾಗೆ ಹೇಳುವವರಿಲ್ಲ. ನೆರೆಮನೆಗೆ ತಿಳಿಯದಂತೆ ಮುಚ್ಚಿಡುವುದರಲ್ಲಿಯೇ ವರ್ಷಗಳು ಕಳೆದುಹೋಗುತ್ತವೆ. ಸಲಗರ ಬುದ್ರುಕದಂತಹ ಗಡಿಯ ಊರುಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಸೋಲಾಪುರದ ದೊಡ್ಡಾಸ್ಪತ್ರೆ ಒಂದು ರಾಜ್ಯದಲ್ಲಿ, ವಿಜಯಪುರ ಮತ್ತು ಕಲಬುರಗಿಯ ಆಸ್ಪತ್ರೆಗಳು ಇನ್ನೊಂದು ರಾಜ್ಯದಲ್ಲಿ.

ಈ ಸಲ ನಾವು ಸ್ಕಿಜೋಅಫೆಕ್ಟಿವ್ ಡಿಸಾರ್ಡರ್ ಎಂಬ ಕಾಯಿಲೆಯನ್ನು ಎತ್ತಿಕೊಂಡಿದ್ದೇವೆ. ಹೆಸರು ಉದ್ದವಾದದ್ದು, ಕೇಳಿದವರು ಕಡಿಮೆ. ಆದರೆ ಇದರೊಡನೆ ಬಾಳುತ್ತಿರುವವರು ಹಳ್ಳಿಗಳಲ್ಲಿಯೂ ಇದ್ದಾರೆ. ಈ ಕಾಯಿಲೆಗೆ ಬೇಕಾದ ಆಸರೆ ಒಂದೇ ಬಾಗಿಲಲ್ಲಿ ಸಿಗುವುದಿಲ್ಲ. ಔಷಧ ಒಂದು ಕಡೆ, ಕಾಗದಪತ್ರ ಇನ್ನೊಂದು ಕಡೆ, ಜೊತೆಗಾರರು ಮತ್ತೊಂದು ಕಡೆ. ಯಾವುದು ಎಲ್ಲಿದೆ ಎಂದು ತಿಳಿದ ಮನೆಗೆ ಅರ್ಧ ಭಾರ ಇಳಿಯುತ್ತದೆ.

ಇದು ಎಂತಹ ಕಾಯಿಲೆ?

ಎರಡು ಎಳೆಗಳನ್ನು ಹೊಸೆದು ಹಗ್ಗ ಮಾಡುವುದನ್ನು ನೀವೆಲ್ಲ ಬಲ್ಲಿರಿ. ಈ ಕಾಯಿಲೆಯಲ್ಲಿಯೂ ಎರಡು ಎಳೆಗಳಿವೆ. ಮೊದಲನೆಯದು ಸ್ಕಿಜೋಫ್ರೇನಿಯಾದ ಎಳೆ: ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ತನ್ನ ಊಟಕ್ಕೆ ವಿಷ ಬೆರೆಸಿದ್ದಾರೆ, ಊರವರೆಲ್ಲ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಗಟ್ಟಿ ನಂಬಿಕೆ, ಹೊಂದಿಕೆಯಿಲ್ಲದ ಮಾತು. ಎರಡನೆಯದು ಭಾವನೆಗಳ ಏರಿಳಿತದ ಎಳೆ. ಏರಿದಾಗ ನಿದ್ದೆ ಬೇಡ, ಮಾತು ನಿಲ್ಲದು, ಸಾಲ ಮಾಡಿ ಖರ್ಚು, ಹೊಲ ಮಾರುವ ಮಾತು, ಚಿಕ್ಕದಕ್ಕೂ ಸಿಟ್ಟು. ಇದಕ್ಕೆ ಉನ್ಮಾದ ಎನ್ನುತ್ತಾರೆ. ಇಳಿದಾಗ ಹಾಸಿಗೆ ಬಿಟ್ಟೇಳದ ಖಿನ್ನತೆ, ಬದುಕು ಸಾಕೆನ್ನುವ ಮಾತು. ಕೆಲವರಲ್ಲಿ ಏರಿಳಿತ ಎರಡೂ ಇರುತ್ತವೆ, ಕೆಲವರಲ್ಲಿ ಖಿನ್ನತೆ ಮಾತ್ರ.

ಇದನ್ನು ಬೇರೆ ಕಾಯಿಲೆಗಳಿಂದ ವಿಂಗಡಿಸಲು ವೈದ್ಯರು ಒಂದು ಗುರುತು ನೋಡುತ್ತಾರೆ. ಭಾವನೆ ಸಮವಾಗಿರುವ ಕಾಲದಲ್ಲಿಯೂ ಕನಿಷ್ಠ 2 ವಾರ ಧ್ವನಿ ಕೇಳಿಸುವುದು ಅಥವಾ ಸುಳ್ಳು ನಂಬಿಕೆ ಉಳಿದಿರಬೇಕು. ಹಾಗಿದ್ದೂ ಕಾಯಿಲೆಯ ಹೆಚ್ಚಿನ ಕಾಲದಲ್ಲಿ ಏರಿಳಿತವೂ ಕಾಣಿಸಿಕೊಂಡಿರಬೇಕು. ಈ ಹೆಸರನ್ನು 1933ರಲ್ಲಿ ಅಮೆರಿಕದ ಮನೋವೈದ್ಯ ಜೇಕಬ್ ಕಸಾನಿನ್ ಕೊಟ್ಟರು. ಸಾವಿರ ಜನರಲ್ಲಿ ಸುಮಾರು 3 ಜನರಿಗೆ ಜೀವಮಾನದಲ್ಲಿ ಎಂದಾದರೂ ಇದು ಬರಬಹುದೆಂಬ ಅಂದಾಜಿದೆ. ಹರೆಯದ ಕೊನೆಯಲ್ಲಿ ಇಲ್ಲವೇ ದುಡಿಯುವ ವಯಸ್ಸಿನ ಆರಂಭದಲ್ಲಿ, ಎಂದರೆ ಮನೆ ಯಾರ ಮೇಲೆ ಭರವಸೆ ಇಟ್ಟಿರುತ್ತದೋ ಅವರಲ್ಲಿಯೇ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಎರಡು ಎಳೆಗಳಿರುವುದರಿಂದಲೇ ಮನೆಯವರಿಗೆ ಗೊಂದಲ. ಒಬ್ಬ ವೈದ್ಯರು ಸ್ಕಿಜೋಫ್ರೇನಿಯಾ ಎಂದು ಬರೆದಿರುತ್ತಾರೆ, ಎರಡು ವರ್ಷ ಬಿಟ್ಟು ಇನ್ನೊಬ್ಬರು ಬೈಪೋಲಾರ್ ಎನ್ನುತ್ತಾರೆ, ಮೂರನೆಯವರು ಈ ಉದ್ದ ಹೆಸರನ್ನು ಹೇಳುತ್ತಾರೆ. ವೈದ್ಯರಿಗೆ ಏನೂ ತಿಳಿಯದು ಎಂದು ಮನೆಯವರು ಚಿಕಿತ್ಸೆಯನ್ನೇ ಬಿಡುತ್ತಾರೆ. ವಾಸ್ತವದಲ್ಲಿ, ರೋಗಿಯನ್ನು ಉನ್ಮಾದದಲ್ಲಿ ಕಂಡವರಿಗೆ ಒಂದು ಎಳೆ ಕಂಡಿರುತ್ತದೆ, ಧ್ವನಿ ಕೇಳಿಸುವಾಗ ಕಂಡವರಿಗೆ ಇನ್ನೊಂದು. ಎರಡನ್ನೂ ವರ್ಷಗಟ್ಟಲೆ ಕಂಡವರು ಮನೆಯವರು ಮಾತ್ರ. ಆದ್ದರಿಂದ ಮೊದಲನೆಯ ಆಸರೆ ಒಂದು ನೋಟ್‌ಬುಕ್ಕು ಮತ್ತು ಒಂದು ಕಡತ. ಯಾವ ತಿಂಗಳು ನಿದ್ದೆ ಕೆಟ್ಟಿತು, ಎಷ್ಟು ದಿನ ಧ್ವನಿ ಕೇಳಿಸಿತು, ಯಾವ ಮಾತ್ರೆ ನಡೆಯುತ್ತಿತ್ತು, ಯಾವುದನ್ನು ಬಿಟ್ಟ ಮೇಲೆ ಹೆಚ್ಚಾಯಿತು ಎಂಬುದನ್ನು ಬರೆದಿಡಿ. ಹಳೆಯ ಚೀಟಿಗಳನ್ನು ಒಲೆಗೆ ಹಾಕಬೇಡಿ. ಮುಂದೆ ಪ್ರಮಾಣಪತ್ರಕ್ಕೂ ಅವೇ ಆಧಾರ.

ಯಾರ ತಪ್ಪೂ ಅಲ್ಲ

ತಾಯಿ ಸರಿಯಾಗಿ ಬೆಳೆಸಲಿಲ್ಲ, ಸೊಸೆಯ ಕಾಲ್ಗುಣ, ಯಾರೋ ಮಾಟ ಮಾಡಿಸಿದರು ಎಂಬ ಮಾತುಗಳು ಎಲ್ಲ ಧರ್ಮದ ಮನೆಗಳಲ್ಲಿಯೂ ಕೇಳಿಬರುತ್ತವೆ. ರಕ್ತಸಂಬಂಧದಲ್ಲಿ ಇಂತಹ ಕಾಯಿಲೆ ಇದ್ದರೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕಗಳ ಏರುಪೇರು, ತೀವ್ರ ಒತ್ತಡ, ಗಾಂಜಾ ಸೇವನೆ ಇವುಗಳಿಗೂ ಪಾಲಿದೆ. ಮಾಟಕ್ಕೆ, ಕಾಲ್ಗುಣಕ್ಕೆ ಪಾಲಿಲ್ಲ.

ಗಾಣಗಾಪುರಕ್ಕೋ, ದರ್ಗಾಕ್ಕೋ, ನಮ್ಮ ಕಡೆಯ ಧ್ಯಾನಕೂಟಗಳಿಗೋ ಕರೆದೊಯ್ಯುವ ವಾಡಿಕೆ ಹೊಸದಲ್ಲ. ಪ್ರಾರ್ಥನೆ ಮನಸ್ಸಿಗೆ ಬಲ ಕೊಡುತ್ತದೆ, ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಪ್ರಾರ್ಥನೆಗೆ ಹೋದಾಗ ಮಾತ್ರೆ ನಿಲ್ಲಿಸುವುದು ಅಪಾಯಕರ. ಧರ್ಮಸಭೆಯ ನಿಲುವೂ ಇಲ್ಲಿ ಸ್ಪಷ್ಟವಾಗಿದೆ. 1992ರ ಕಥೋಲಿಕ ಧರ್ಮೋಪದೇಶವು ಭೂತಬಾಧೆಯ ವಿಷಯ ಹೇಳುವಾಗಲೇ, ಮನೋರೋಗ ಬೇರೆ ಸಂಗತಿ, ಅದರ ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ಸೇರಿದ್ದು ಎಂದು ತಿಳಿಸುತ್ತದೆ. ಧರ್ಮಾಧ್ಯಕ್ಷರ ವಿಶೇಷ ಅಪ್ಪಣೆಯಿಲ್ಲದೆ ಭೂತೋಚ್ಚಾಟನೆ ನಡೆಸುವ ಅಧಿಕಾರ ಯಾರಿಗೂ ಇಲ್ಲವೆಂದು 1983ರ ಧರ್ಮಸಭೆಯ ಕಾನೂನು ಹೇಳುತ್ತದೆ.

ಸಂಕೋಲೆಯ ಮಾತೂ ಇಲ್ಲಿಯೇ ಬರಬೇಕು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ರೋಗಿಗಳನ್ನಿಟ್ಟಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡಲಾರದೆ ಹೋದರು. 28 ಜನ ಸತ್ತರು. ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಲ್ಲಿ ಬಿಗಿಯುವಂತಿಲ್ಲ ಎಂದು ಈಗ ಕಾನೂನೇ ನಿಷೇಧಿಸಿದೆ.

ಔಷಧ ಮತ್ತು ಹೊಲದ ಕೆಲಸ

ಧ್ವನಿ ಮತ್ತು ಸುಳ್ಳು ನಂಬಿಕೆಗಳಿಗೆ ರಿಸ್ಪೆರಿಡೋನ್, ಓಲಾಂಜಪಿನ್, ಪಾಲಿಪೆರಿಡೋನ್‌ನಂತಹ ಮಾತ್ರೆಗಳಿವೆ. ಏರಿಳಿತಕ್ಕೆ ಲಿಥಿಯಂ, ವಾಲ್ಪ್ರೋಯೇಟ್. ಖಿನ್ನತೆಗೆ ಬೇರೆ ಮಾತ್ರೆ. ದಿನವೂ ನುಂಗಲು ಮರೆಯುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದೂ ಇದೆ. ಬೇರೆ ಮಾತ್ರೆಗೆ ಬಗ್ಗದ ಕಾಯಿಲೆಗೆ ಕ್ಲೋಜಪಿನ್ ಕೊಡುತ್ತಾರೆ. ಅದಕ್ಕೆ ಆರಂಭದಲ್ಲಿ ವಾರಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಯಾವುದನ್ನು, ಎಷ್ಟು ಕೊಡಬೇಕೆಂಬುದು ವೈದ್ಯರ ಕೆಲಸ. ಹೊಲದಲ್ಲಿ ದುಡಿಯುವವರು ತಿಳಿದಿರಬೇಕಾದ ಕೆಲವು ಮಾತುಗಳನ್ನು ಮಾತ್ರ ಇಲ್ಲಿ ಹೇಳುತ್ತೇವೆ.

1. ಬಿಸಿಲು ಮತ್ತು ಲಿಥಿಯಂ. ಈ ಮಾತ್ರೆಯ ಪ್ರಮಾಣ ರಕ್ತದಲ್ಲಿ ಸ್ವಲ್ಪ ಹೆಚ್ಚಾದರೂ ವಿಷವಾಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿಭೇದಿಯಾದರೆ, ಉಪ್ಪನ್ನು ಒಮ್ಮೆಲೇ ಬಿಟ್ಟರೆ ಪ್ರಮಾಣ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕುಡಿದಿದ್ದಾನೆಂದು ಬೈದು ಮಲಗಿಸಬಾರದು.

2. ಮೈಕೈ ನೋವಿನ ಮಾತ್ರೆ. ಕಬ್ಬು ಕಡಿದ ದಿನ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವೂ ಲಿಥಿಯಂ ಪ್ರಮಾಣವನ್ನು ಏರಿಸುತ್ತವೆ. ವೈದ್ಯರನ್ನು ಕೇಳದೆ ಕೊಡಬೇಡಿ.

3. ರಾತ್ರಿಯ ನೀರು. ಹಲವು ಕಡೆ ಮೋಟಾರಿಗೆ ಕರೆಂಟು ಇನ್ನೂ ರಾತ್ರಿ ಪಾಳಿಯಲ್ಲಿ ಬರುತ್ತದೆ. ನಿದ್ದೆಗೆಟ್ಟರೆ ಉನ್ಮಾದ ಮರುಕಳಿಸುವುದು ಈ ಕಾಯಿಲೆಯ ಗುಣ. ಮನೆಯಲ್ಲಿ ಬೇರೆ ಯಾರಾದರೂ ರಾತ್ರಿ ನೀರು ಹಾಯಿಸಲಿ. ಇವರಿಗೆ ಹಗಲಿನ ಕೆಲಸ ಕೊಡಿ. ಮಾತ್ರೆಯಷ್ಟೇ ಬೆಲೆ ಈ ಹಂಚಿಕೆಗೂ ಇದೆ.

4. ಯಂತ್ರಗಳು. ಮಾತ್ರೆ ಆರಂಭಿಸಿದ ಅಥವಾ ಬದಲಿಸಿದ ಮೊದಲ ವಾರಗಳಲ್ಲಿ ತೂಕಡಿಕೆ ಇರುತ್ತದೆ. ಟ್ರ್ಯಾಕ್ಟರು, ಮೇವು ಕತ್ತರಿಸುವ ಯಂತ್ರ, ಬಾವಿಯ ದಂಡೆ ಇವುಗಳಿಂದ ದೂರವಿರಲಿ. ಕೆಲವು ಮಾತ್ರೆಗಳಿಂದ ಮೈಯ ಶಾಖ ಹೊರಹೋಗುವುದು ಕಡಿಮೆಯಾಗುವುದರಿಂದ ನಡುಮಧ್ಯಾಹ್ನದ ಬಿಸಿಲೂ ಬೇಡ.

5. ಹೊಲಕ್ಕೆ ಹೊಡೆಯುವ ಎಣ್ಣೆ. ಕೀಟನಾಶಕದ ಡಬ್ಬಿ ಮಲಗುವ ಕೋಣೆಯಲ್ಲಾಗಲಿ, ಕೈಗೆ ಸಿಗುವ ಮಾಡದಲ್ಲಾಗಲಿ ಇರಬಾರದು. ಬೀಗ ಹಾಕಿ, ಬೀಗದ ಕೈ ಒಬ್ಬರ ಬಳಿಯೇ ಇರಲಿ. ಆತ್ಮಹತ್ಯೆಯ ಯೋಚನೆ ಹಲವು ಸಲ ಕೆಲವೇ ಗಳಿಗೆಯ ಆವೇಗ. ಆ ಗಳಿಗೆಯಲ್ಲಿ ಡಬ್ಬಿ ಸಿಗದಿದ್ದರೆ ಜೀವ ಉಳಿಯಬಹುದು.

6. ಹೆಣ್ಣುಮಕ್ಕಳ ವಿಷಯ. ವಾಲ್ಪ್ರೋಯೇಟ್ ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ. ಮದುವೆಯಾಗುವ, ಮಕ್ಕಳಾಗುವ ವಯಸ್ಸಿನವರು ಮೊದಲೇ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ತಪ್ಪು.

ತೂಕ ಹೆಚ್ಚುವುದು, ಸಕ್ಕರೆ ಕಾಯಿಲೆ ಬರುವುದು ಕೆಲವು ಮಾತ್ರೆಗಳ ದೋಷ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷಿಸಿ. ಲಿಥಿಯಂ ತೆಗೆದುಕೊಳ್ಳುವವರು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ಬೆಲೆ ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಇದೆಯೇ ಎಂದು ವಿಚಾರಿಸಿ.

ಯಾವ ಬಾಗಿಲು ತಟ್ಟಬೇಕು?

ಹತ್ತಿರದಿಂದ ಆರಂಭಿಸೋಣ. ಊರಿನ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ ಮೊದಲ ಮೆಟ್ಟಿಲು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ, ಯಾವ ಗ್ರಾಮೀಣ ರುಗ್ಣಾಲಯಕ್ಕೆ ಬರುತ್ತಾರೆಂದು ಅಲ್ಲಿ ಕೇಳಿ. ಈ ಕಾರ್ಯಕ್ರಮದ ಬೇರು ಕನ್ನಡ ನಾಡಿನಲ್ಲಿಯೇ ಇದೆ ಎಂಬುದು ಸಂತೋಷದ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಸಕಲವಾರ ಎಂಬ ಹಳ್ಳಿಯಲ್ಲಿ ಹಳ್ಳಿಗರ ಮನೋರೋಗಕ್ಕೆ ಕೇಂದ್ರ ತೆರೆಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆ ಹಳ್ಳಿಯ ಹತ್ತಿರವೇ ಸಾಧ್ಯವೆಂದು ತೋರಿಸಿತು. ಆ ಮಾದರಿಯನ್ನೇ 1996ರಲ್ಲಿ ಕೇಂದ್ರ ಸರ್ಕಾರ ದೇಶದ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು.

ಎರಡನೆಯ ಮೆಟ್ಟಿಲು ಸೋಲಾಪುರ. ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯನ್ನು ನಾವು 'ಸಿವಿಲ್' ಎಂದೇ ಕರೆಯುತ್ತೇವೆ. ಅಲ್ಲಿ ಮನೋರೋಗ ವಿಭಾಗವಿದೆ. ಗಡಿಯಾಚೆ ವಿಜಯಪುರ ಮತ್ತು ಕಲಬುರಗಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಕರ್ನಾಟಕದ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಯೋಜನೆ 2014ರಲ್ಲಿ ಆರಂಭವಾಯಿತು. ಹೊರಡುವ ಮುನ್ನ ದಿನವನ್ನು ಖಚಿತಪಡಿಸಿಕೊಳ್ಳಿ.

ಯಾವ ಕಡೆ ಹೋದರೆ ಒಳ್ಳೆಯದು? ದೂರ, ಬಸ್ಸು, ಖರ್ಚು ಇವುಗಳ ಜೊತೆಗೆ ಭಾಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲುಬು ಮುರಿದರೆ ಚಿತ್ರ ತೆಗೆದು ನೋಡಬಹುದು. ಮನಸ್ಸಿನ ಕಾಯಿಲೆಗೆ ರೋಗಿಯ ಮಾತೇ ಮುಖ್ಯ ಪರೀಕ್ಷೆ. "ಆವಾಜ್ ಐಕೂ ಯೇತಾತ್ ಕಾ?" ಎಂದು ವೈದ್ಯರು ಮರಾಠಿಯಲ್ಲಿ ಕೇಳಿದರೆ, ಬಾಜಾರದ ಮರಾಠಿ ಬಲ್ಲ ಹುಡುಗ "ನಾಹೀ" ಎಂದುಬಿಡಬಹುದು. ಅವನ ಪಾಲಿಗೆ ಅದು ಬರಿಯ ಸದ್ದಲ್ಲ. ಗೋಡೆಯಾಚೆ ನಿಂತ ಜನ ತನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದಾರೆ ಎಂಬುದು ಅವನ ಅನುಭವ. ಆದ್ದರಿಂದ ಎರಡೂ ಭಾಷೆ ಬಲ್ಲ, ರೋಗಿ ನಂಬುವ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. "ಮೈಮ್ಯಾಲೆ ಬಂದಾದ", "ತಲಿ ಕೆಟ್ಟಾದ" ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಏನು ಮಾಡಿದ, ಏನು ಹೇಳಿದ ಎಂದು ಬಿಡಿಸಿ ಹೇಳಿ.

ಆಸ್ಪತ್ರೆಗೆ ಹೋಗುವ ಮುನ್ನ ಮಾತಾಡಿಸುವವರು ಬೇಕೇ? 14416 ಸಂಖ್ಯೆಗೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲೂ ರಾತ್ರಿಯೂ ಉಚಿತ. ಕನ್ನಡವೂ ಮರಾಠಿಯೂ ಅದರ ಭಾಷೆಗಳಲ್ಲಿವೆ. ರೋಗಿಯೇ ಮಾತಾಡಬೇಕೆಂದಿಲ್ಲ, ಹತ್ತಿರ ಯಾವ ಆಸ್ಪತ್ರೆ ಇದೆ, ಈಗ ಏನು ಮಾಡಬೇಕು ಎಂದು ಮನೆಯವರೂ ಕೇಳಬಹುದು. ಓದುವ ಹವ್ಯಾಸವಿದ್ದವರಿಗೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳ ಬಗ್ಗೆ ತಿಳಿಗನ್ನಡದಲ್ಲಿ ಬರೆದ ಪುಸ್ತಕಗಳಿವೆ.

ಕಾಗದಪತ್ರದ ಆಸರೆ

ಅಂಗವಿಕಲರ ಹಕ್ಕುಗಳ 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ದೀರ್ಘಕಾಲದ ಮನೋರೋಗವೂ ಅವುಗಳಲ್ಲೊಂದು. ಕಣ್ಣಿಗೆ ಕಾಣುವ ಊನವಿಲ್ಲದಿದ್ದರೂ ಪ್ರಮಾಣಪತ್ರಕ್ಕೆ ಹಕ್ಕಿದೆ ಎಂಬುದು ಹಲವರಿಗೆ ತಿಳಿಯದು. ಅರ್ಜಿ ಹಾಕಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸಿ ಶೇಕಡಾವಾರು ನಿಗದಿಪಡಿಸುತ್ತಾರೆ. ಶೇ. 40 ಅಥವಾ ಹೆಚ್ಚಾದರೆ ಸರ್ಕಾರದ ಹಲವು ಸೌಲಭ್ಯಗಳಿಗೆ ದಾರಿ ತೆರೆಯುತ್ತದೆ. ಸ್ನಾನ, ಊಟ, ಬಟ್ಟೆಯ ಸ್ವಂತ ನಿಗಾ, ಜನರೊಡನೆ ಒಡನಾಟ, ಮಾತುಕತೆ, ಕೆಲಸ ಇವು ಹೇಗಿವೆ, ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂದು ಅಲ್ಲಿ ನೋಡುತ್ತಾರೆ. ಆ ದಿನ ರೋಗಿ ಚೆನ್ನಾಗಿದ್ದರೆ ಚೆನ್ನಾಗಿದ್ದಾನೆ ಎಂದಷ್ಟೇ ಹೇಳಿ ಬರಬೇಡಿ. ಕೆಟ್ಟ ತಿಂಗಳುಗಳನ್ನೂ ನಿಮ್ಮ ನೋಟ್‌ಬುಕ್ಕು ತೋರಿಸಿ ವಿವರಿಸಿ.

ಗಡಿಯವರು ಒಂದು ಮಾತನ್ನು ನೆನಪಿಡಬೇಕು. ಚಿಕಿತ್ಸೆಯನ್ನು ಯಾವ ರಾಜ್ಯದಲ್ಲಿಯಾದರೂ ಪಡೆಯಬಹುದು, ಆದರೆ ಮಾಸಾಶನ ಸಿಗುವುದು ರೇಷನ್ ಕಾರ್ಡು ಇರುವ ರಾಜ್ಯದಲ್ಲಿ. ಸೋಲಾಪುರ ಜಿಲ್ಲೆಯವರಿಗೆ ಅದು ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ. ಆದಾಯದ ಮಿತಿಯೂ ಬೇಕಾದ ದಾಖಲೆಗಳೂ ತಹಸೀಲ್ ಕಚೇರಿಯಲ್ಲಿ ತಿಳಿಯುತ್ತವೆ. ಚಿಕಿತ್ಸೆಯ ಚೀಟಿಗಳು ವಿಜಯಪುರದ್ದೋ ಕಲಬುರಗಿಯದೋ ಆಗಿದ್ದರೆ ಅವುಗಳ ಪ್ರತಿಗಳನ್ನು ಜೊತೆಗಿಟ್ಟುಕೊಂಡು, ಪ್ರಮಾಣಪತ್ರವನ್ನು ಸ್ವಂತ ಜಿಲ್ಲೆಯಲ್ಲಿಯೇ ಮಾಡಿಸುವುದು ಅನುಕೂಲ.

ಎರಡನೆಯದು 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನೆಯ 2017ರ ಕಾಯಿದೆ. ಸರ್ಕಾರಿ ವ್ಯವಸ್ಥೆಯಲ್ಲಿ ಮನೋರೋಗದ ಚಿಕಿತ್ಸೆ ಪಡೆಯುವುದು ಹಕ್ಕು ಎಂದು ಅದು ಹೇಳುತ್ತದೆ. ಬಡತನ ರೇಖೆಯ ಕೆಳಗಿನವರಿಗೆ ಅದು ಉಚಿತ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. ಆದ್ದರಿಂದ ಪೊಲೀಸ್ ಕೇಸಿನ ಭಯದಿಂದ ಯಾರೂ ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಇನ್ನೊಂದು ಒಳ್ಳೆಯ ಅವಕಾಶವಿದೆ. ರೋಗಿಯು ಚೆನ್ನಾಗಿರುವಾಗಲೇ, ಮುಂದೆ ಕಾಯಿಲೆ ಮರುಕಳಿಸಿದರೆ ತನಗೆ ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡಬಹುದು.

ಜೊತೆಗಾರರು

ಕಾಯಿಲೆಯವರ ಮನೆಗೆ ಬಹಳ ಬೇಕಾದದ್ದು ಅದೇ ದಾರಿಯಲ್ಲಿ ನಡೆದ ಇನ್ನೊಂದು ಮನೆಯ ಮಾತು. ಪುಣೆಯಲ್ಲಿ 1997ರಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಸ್ಥಾಪಿಸಿದ ಜಗನ್ನಾಥ ವಾಣಿ ಅವರು ಕೆನಡಾದಲ್ಲಿ ಪ್ರಾಧ್ಯಾಪಕರಾಗಿದ್ದವರು. ಕಾಯಿಲೆಯನ್ನು ತಮ್ಮ ಮನೆಯಲ್ಲಿಯೇ ಕಂಡವರು. ರೋಗಿಗಳೂ ಮನೆಯವರೂ ಒಟ್ಟಿಗೆ ಕುಳಿತು ಮಾತಾಡುವ ಸಭೆಗಳು ಆ ಸಂಸ್ಥೆಯ ಮುಖ್ಯ ಕೆಲಸ. 2004ರಲ್ಲಿ ಬಂದ 'ದೇವರಾಯಿ' ಎಂಬ ಮರಾಠಿ ಚಲನಚಿತ್ರದ ಹಿಂದೆಯೂ ಅವರಿದ್ದರು. ಬೆಂಗಳೂರಿನಲ್ಲಿ ಪಾದ್ರಿಗಳೂ ವೈದ್ಯರೂ ಸೇರಿ 1964ರಲ್ಲಿ ಕಟ್ಟಿದ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್, 1986ರಿಂದ ನಡೆಯುತ್ತಿರುವ ರಿಚ್ಮಂಡ್ ಫೆಲೋಶಿಪ್ ಇವೆ. ಆಸ್ಪತ್ರೆಗೂ ಮನೆಗೂ ನಡುವೆ ಕೆಲವು ಕಾಲ ಇದ್ದು ಅಡುಗೆ, ಕೆಲಸ, ದಿನಚರಿಗಳನ್ನು ಮತ್ತೆ ರೂಢಿಸಿಕೊಳ್ಳುವ ಆಶ್ರಯಮನೆಗಳು ಅವು.

ಪುಣೆ, ಬೆಂಗಳೂರು ದೂರ ಎನ್ನುವಿರಾ? ನಿಜ. ಆದರೆ ಅವರು ಮಾಡುವ ಮುಖ್ಯ ಕೆಲಸಕ್ಕೆ ಕಟ್ಟಡ ಬೇಡ. ಧರ್ಮಕೇಂದ್ರದ ಒಂದು ಕೋಣೆ, ಮೂರು ಕುಟುಂಬ, ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಸಾಕು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಯಾರೂ ಯಾರ ಮಾತ್ರೆಯನ್ನೂ ಬದಲಿಸುವ ಸಲಹೆ ಕೊಡಬಾರದು, ಬೇರೆ ಧರ್ಮದ ಮನೆಯವರು ಬಂದರೂ ಬಾಗಿಲು ತೆರೆದಿರಬೇಕು. ಈ ಮೂರು ನಿಯಮಗಳಿದ್ದರೆ ಆರಂಭಿಸಬಹುದು. ಆಸ್ಪತ್ರೆಗೆ ಹೋಗುವ ದಿನ ಎಮ್ಮೆ ಹಾಲು ಹಿಂಡಲು ಒಬ್ಬರು, ತಹಸೀಲ್ ಕಚೇರಿಗೆ ಮರಾಠಿಯಲ್ಲಿ ಅರ್ಜಿ ಬರೆದುಕೊಡಲು ಒಬ್ಬರು ಸಿಕ್ಕರೂ ಅದು ದೊಡ್ಡ ಆಸರೆ.

ಕೆಲಸವೂ ಒಂದು ಔಷಧ

ಯುರೋಪಿನ ಬೆಲ್ಜಿಯಂ ದೇಶದಲ್ಲಿ ಗೇಲ್ ಎಂಬ ಊರಿದೆ. ಮನೋರೋಗಿಗಳ ಪಾಲಕಿಯೆಂದು ಕಥೋಲಿಕರು ನೆನೆಯುವ ಸಂತ ಡಿಂಫ್ನಾಳ ಪುಣ್ಯಕ್ಷೇತ್ರ ಅದು. ಮಧ್ಯಯುಗದಲ್ಲಿ ಯಾತ್ರಿಕರಾಗಿ ಬಂದ ರೋಗಿಗಳಿಗೆ ಚರ್ಚಿನಲ್ಲಿ ಸ್ಥಳ ಸಾಲದಾದಾಗ ಊರಿನ ಒಕ್ಕಲು ಮನೆಗಳವರು ಅವರನ್ನು ಮನೆಯೊಳಗೆ ಸೇರಿಸಿಕೊಂಡರು. ಊಟ ಒಂದೇ ಮೇಜಿನಲ್ಲಿ, ಕೆಲಸ ಒಂದೇ ಹೊಲದಲ್ಲಿ. 1930ರ ದಶಕದ ಕೊನೆಗೆ ಆ ಸಣ್ಣ ಊರಿನ ಮನೆಗಳಲ್ಲಿ 3,700ಕ್ಕೂ ಹೆಚ್ಚು ರೋಗಿಗಳು ಬಾಳುತ್ತಿದ್ದರು. ಈಗ ಸಂಖ್ಯೆ ಬಹಳ ಇಳಿದಿದ್ದರೂ ಪದ್ಧತಿ ನಿಂತಿಲ್ಲ. ಚಿಕಿತ್ಸೆಗೆ ಆಸ್ಪತ್ರೆಯ ವೈದ್ಯರ ಬೆಂಬಲವಿದೆ.

ಅಷ್ಟು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು 2005ರಿಂದ ಹಳ್ಳಿಗಳ ಸ್ಕಿಜೋಫ್ರೇನಿಯಾ ರೋಗಿಗಳನ್ನು ಆರೋಗ್ಯ ಕಾರ್ಯಕರ್ತರ ನೆರವಿನಿಂದ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಗಮನಿಸಿದರು. ಚಿಕಿತ್ಸೆಯಿಲ್ಲದೆ ಇದ್ದವರಿಗಿಂತ ಚಿಕಿತ್ಸೆಯಲ್ಲಿದ್ದವರ ಬದುಕು ಸುಗಮವಾಗಿತ್ತು. ಮಾತ್ರೆ ಬಿಡದೆ ಮುಂದುವರಿಸಿದವರಲ್ಲಿ ಹಲವರು ಹೊಲ, ಮನೆ, ಕೂಲಿ ಕೆಲಸಗಳಲ್ಲಿ ತೃಪ್ತಿಕರವಾಗಿ ದುಡಿಯುತ್ತಿದ್ದರು. ನಮ್ಮ ಎರಡೆಳೆಯ ಕಾಯಿಲೆಯೂ ಅದರ ಸಮೀಪದ ಬಂಧುವೇ.

ಇದರಿಂದ ಕಲಿಯುವುದೇನು? ಚೇತರಿಸಿಕೊಳ್ಳುತ್ತಿರುವವರನ್ನು ಮೂಲೆಯಲ್ಲಿ ಕೂರಿಸಬೇಡಿ, ಒಮ್ಮೆಲೇ ಪೂರ್ತಿ ಭಾರವನ್ನೂ ಹೊರಿಸಬೇಡಿ. ಮೊದಲು ದನಗಳಿಗೆ ನೀರು, ಮೇವು. ಮುಂದೆ ಅರ್ಧ ದಿನದ ಕಳೆ. ಆಮೇಲೆ ರಾಶಿಯ ಕೆಲಸ. ದುಡಿದ ದಿನ ಕೈಗೆ ಸ್ವಲ್ಪ ಹಣ ಕೊಡಿ.

ಮಾತಾಡುವ ರೀತಿಯೂ ಮುಖ್ಯ. ಧ್ವನಿ ಕೇಳಿಸುತ್ತದೆ ಎಂದಾಗ "ಸುಳ್ಳ ಹೇಳತಿ" ಎಂದು ಗದರಿದರೆ ಜಗಳ, "ಹೌದು, ನನಗೂ ಕೇಳಸ್ತದ" ಎಂದರೆ ಭ್ರಮೆ ಇನ್ನೂ ಗಟ್ಟಿ. "ತಮ್ಮಾ, ನನಗ ಆ ಧ್ವನಿ ಕೇಳಸವಲ್ದು. ಆದ್ರ ನಿನಗ ಅಂಜಿಕಿ ಆಗ್ಯಾದ ಅಂಬೋದು ಕಾಣ್ತದ. ನಾ ಇಲ್ಲೇ ಕುಂತಿರ್ತೀನಿ" ಎಂದರೆ ಸಾಕು.

ತಡಮಾಡಬಾರದ ಸಮಯ

ಎರಡು ಮೂರು ರಾತ್ರಿ ನಿದ್ದೆಯಿಲ್ಲದಿದ್ದರೆ, ಊಟ ನೀರು ಬಿಟ್ಟರೆ, ಧ್ವನಿ ತನ್ನನ್ನೋ ಇನ್ನೊಬ್ಬರನ್ನೋ ಕೊಲ್ಲು ಎನ್ನುತ್ತಿದೆ ಎಂದರೆ, ಸಾಯುವ ಮಾತಾಡಿದರೆ ಮುಂದಿನ ಸಂತೆಯ ದಿನ ಹೋಗೋಣವೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ರೋಗಿಯನ್ನು ಒಂಟಿಯಾಗಿ ಬಿಡಬೇಡಿ. ವಿಷ ಸೇವಿಸಿದ್ದರೆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಆರೈಕೆ ಮಾಡುವ ತಾಯಿಗೆ, ಹೆಂಡತಿಗೆ, ವೈನಿಗೆ ಕೂಡ ಒಂದು ಮಾತು. ರಾತ್ರಿಗಳನ್ನು ಹಂಚಿಕೊಳ್ಳಿ, ನಿಮ್ಮ ನಿದ್ದೆಯನ್ನು ಕಾಪಾಡಿಕೊಳ್ಳಿ. ಮನಸ್ಸು ಕುಸಿದಂತೆನಿಸಿದರೆ ಅದೇ 14416 ನಿಮಗೂ ಇದೆ.

ಈ ವಾರ ಮಾಡಬಹುದಾದದ್ದು ಇಷ್ಟು: ಚದುರಿದ ಚೀಟಿಗಳನ್ನು ಒಂದು ಕಡತಕ್ಕೆ ಸೇರಿಸಿ, ಎಣ್ಣೆಯ ಡಬ್ಬಿಗೆ ಬೀಗ ಹಾಕಿ, ವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ, ರಾತ್ರಿ ನೀರು ಹಾಯಿಸುವ ಪಾಳಿಯನ್ನು ಮನೆಯಲ್ಲಿ ಬದಲಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಈ ಕಾಯಿಲೆ ಇಲ್ಲದಿದ್ದರೆ, ಇರುವ ಮನೆಗೆ ಒಮ್ಮೆ ಹೋಗಿ ಕುಳಿತು ಚಹಾ ಕುಡಿದು ಬನ್ನಿ.